ಮರು: ಖಂಡಗಳ ‘ಅಲೆತ’ ಸರಿಯಾ? ನಾಳೆ ಬೋರ್ಡ್ ಬರೆಸಬೇಕು

ಮೇಡಂ, ಕೊಪ್ಪಳದ ಮೇಳಕ್ಕೆ ನಾಳೆಯೇ ಬೋರ್ಡ್ ಬರೆಸಬೇಕು ಅಂದಿದ್ದೀರಿ, ಅದಕ್ಕೇ ನೇರವಾಗಿ ಹೇಳುತ್ತೇನೆ. ಖಂಡಗಳು ಇದ್ದ ಜಾಗ ಬಿಟ್ಟು ಸಾಗುತ್ತವೆ ಅನ್ನುವುದಕ್ಕೆ (ಇಂಗ್ಲಿಷಿನಲ್ಲಿ ‘ಕಾಂಟಿನೆಂಟಲ್ ಡ್ರಿಫ್ಟ್’) ‘ಅಲೆತ’ ಬೇಡ. ‘ಸರಿಯುವ ಖಂಡಗಳು’ ಅಂತ ಬರೆಸಿ.

ಪಠ್ಯಪುಸ್ತಕದಲ್ಲಿ ಅಲೆತ ಅಂತಲೇ ಇದೆ ಅಂದರು ಒಬ್ಬರು. ಇದ್ದರೆ ಇರಲಿ. ಅಲೆಯುವುದು ಅಂದ್ರೆ ಗೊತ್ತುಗುರಿ ಇಲ್ಲದೆ ತಿರುಗುವುದು, ಅಲ್ವಾ? ಇಂಗ್ಲಿಷಿನ ‘ಡ್ರಿಫ್ಟ್’ ನೋಡಿ ಕಟ್ಟಿದ ಪದ ಅದು. ಈ ವಾದ ಮುಂದಿಟ್ಟ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ 1912ರಲ್ಲಿ ತನ್ನ ಜರ್ಮನ್‌ನಲ್ಲಿ ಹೇಳಿದ್ದು ‘ಫೆರ್‌ಶೀಬುಂಗ್’, ಅಂದರೆ ಇದ್ದ ಜಾಗದಿಂದ ಸರಿಯುವುದು. ಬಸ್ಸಿನಲ್ಲಿ ‘ಸ್ವಲ್ಪ ಆ ಕಡೆ ಸರೀರಿ’ ಅನ್ನುತ್ತೇವಲ್ಲ, ಆ ಸರಿ.

ಗುರಿ ಇತ್ತೋ ಇಲ್ಲವೋ ಅನ್ನುವುದು ಸುಮ್ನೆ ಮಾತಿನ ಜಗಳ ಅಲ್ಲ. ಖಂಡಗಳನ್ನು ಸರಿಸಿದ್ದು ಏನು ಅನ್ನುವುದಕ್ಕೆ ಒಪ್ಪುವಂಥ ಉತ್ತರ ವೆಗೆನರ್ ಹತ್ತಿರ ಇರಲಿಲ್ಲ, ಅದಕ್ಕೇ ಬಹಳ ಜನ ತಳ್ಳಿಹಾಕಿದರು, ಆತ 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡ. ಆಮೇಲೆ ಮಾತಾಡಿದ್ದು ಕಲ್ಲು. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆಗಿನ ಭೂಕಾಂತದ ದಿಕ್ಕನ್ನೂ ಓರೆಯನ್ನೂ ಹಿಡಿದಿಡುತ್ತವೆ, ಆ ಓರೆ ಅಳೆದರೆ ಕಲ್ಲು ಹುಟ್ಟಿದಾಗ ಯಾವ ಅಕ್ಷಾಂಶದಲ್ಲಿತ್ತು ಅಂತ ತಿಳಿಯುತ್ತದೆ. 1950ರ ದಶಕದಲ್ಲಿ ಲಂಡನ್ನಿನ ಭೌತವಿಜ್ಞಾನಿ ಬ್ಲ್ಯಾಕೆಟ್ ತಂಡ ದಖನ್ನಿನ ಕಪ್ಪುಕಲ್ಲನ್ನು ಹೀಗೇ ಅಳೆಯಿತು. ಕಲಬುರಗಿವರೆಗೂ ಹಬ್ಬಿರುವ ಕಲ್ಲು ಅದು, ಹುಟ್ಟಿದ್ದು ಸಮಭಾಜಕದ ದಕ್ಷಿಣಕ್ಕೆ! 1963ರಲ್ಲಿ ಭೂವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್, ಕಡಲತಳದ ಏಣಿನ (ನೀರಡಿಯ ಬೆಟ್ಟಸಾಲಿನ) ಪಕ್ಕದಲ್ಲಿ ಕಾಂತಪಟ್ಟೆಗಳು, ಅಂದರೆ ಕಾಂತದ ದಿಕ್ಕು ಒಂದು ಬಿಟ್ಟು ಒಂದಕ್ಕೆ ತಿರುಗುಮುರುಗಾದ ಕಲ್ಲಿನ ಪಟ್ಟೆಗಳು, ಯಾಕಿವೆ ಅಂತ ವಿವರಿಸಿದರು. ನಡುವೆ ಹೊಸ ತಳ ಹುಟ್ಟಿ ಎರಡೂ ಕಡೆ ಸರಿಯುತ್ತದೆ. ಆ ದಶಕ ಮುಗಿಯುವಷ್ಟರಲ್ಲಿ ಹೆಚ್ಚಿನವರು ಒಪ್ಪಿದರು.

ಇನ್ನು ‘ಫಲಕ’, ಅಂದರೆ ಖಂಡವನ್ನೂ ಕಡಲತಳವನ್ನೂ ಹೊತ್ತು ಸರಿಯುವ ಭೂಮಿಯ ಹೊರಪದರದ ತುಂಡು, ಇಂಗ್ಲಿಷಿನ ‘ಪ್ಲೇಟ್’. ನೀವು ಬರೆಸುತ್ತಿರುವ ಬೋರ್ಡೇ ಫಲಕ, ಮಕ್ಕಳು ಏನಂತ ತಿಳಿಯಬೇಕು? ‘ಚಪ್ಪಡಿ’ ಅನ್ನಿ. ಬಳ್ಳಾರಿ, ಕೊಪ್ಪಳದಲ್ಲಿ ಚಪ್ಪಡಿ ಕಲ್ಲು ಕಾಣದ ಹುಡುಗ ಇಲ್ಲ. ಗಟ್ಟಿ, ಅಗಲ, ಅಂಚಿಗೆ ಅಂಚು ತಾಗುತ್ತದೆ. ‘ಭಾರತದ ಚಪ್ಪಡಿ ಈಗಲೂ ವರ್ಷಕ್ಕೆ 4–5 ಸೆಂಟಿಮೀಟರ್ ಸರಿಯುತ್ತಿದೆ’ ಅಂತ ಕೆಳಗೆ ಬರೆಸಿ.

‘ಪ್ಲೇಟ್ ಅಂತಲೇ ಇರಲಿ, ಎರವಲು ತಂದೇ ಕನ್ನಡ ಬೆಳೆದದ್ದು’ ಅಂದವರಿಗೆ: ಬಸ್ಸು, ಬೋರ್ಡು ನಾನೂ ಬರೆದಿದ್ದೇನೆ. ಇಲ್ಲದ್ದನ್ನು ತನ್ನಿ. ಮನೆ ಮುಂದೆ ಹಾಸಿರುವುದನ್ನು ಯಾಕೆ ತರಬೇಕು? ಭಾರತವೂ ಸೇರಿದ್ದ ಹಳೆಯ ಮಹಾಖಂಡ ‘ಗೊಂಡ್ವಾನ’ಕ್ಕೂ ಕನ್ನಡ ಪದ ಬೇಕು ಅನ್ನುವವರು ದಯವಿಟ್ಟು ಸುಮ್ಮನಿರಿ. ಅದು ಗೊಂಡರ ನಾಡಿನ ಹೆಸರು, ಜಗತ್ತೇ ನಮ್ಮ ದೇಶದಿಂದ ಒಯ್ದದ್ದು. ಮೇಡಂ, ಅದನ್ನು ಹಾಗೇ ಬಿಡಿ.