ಟ್ರ್ಯಾಕ್ಟರ್ ವೈರಿಂಗ್: ಎಲ್ಲದಕ್ಕೂ ‘ಶಾರ್ಟ್’ ಅಂದರೆ ಹೇಗೆ?

ಎಲ್ಲರಿಗೂ ನಮಸ್ಕಾರ.

ಹಳೇ ಟ್ರ್ಯಾಕ್ಟರಿನ ವೈರಿಂಗ್ ಕೈಕೊಟ್ಟಾಗ ರೈತರೇ ಹುಡುಕಿ ಸರಿಮಾಡಿಕೊಳ್ಳುವುದಕ್ಕೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಭಾಗಗಳ ಹೆಸರಿಗೆ ಹೆಚ್ಚು ತೊಂದರೆ ಇಲ್ಲ. ಬ್ಯಾಟರಿ, ಸೆಲ್ಫ್ (ಇಂಜಿನ್ ಶುರುಮಾಡುವ ಮೋಟಾರು), ಕಟೌಟ್ (ಚಾರ್ಜಿಂಗ್ ನಿಯಂತ್ರಿಸುವ ಡಬ್ಬಿ), ಫ್ಯೂಸ್ ಎಲ್ಲರ ಬಾಯಲ್ಲೂ ಇವೆ, ಹಾಗೇ ಇಟ್ಟುಕೊಳ್ಳುತ್ತೇನೆ. ತೊಡಕು ಬರುವುದು ಏನಾಗಿದೆ ಅಂತ ಹೇಳುವಾಗ.

ವೈರಿಂಗಿನಲ್ಲಿ ಏನೇ ಆದರೂ ನಾವು ‘ಶಾರ್ಟ್ ಆಗಿದೆ’ ಅಂದುಬಿಡುತ್ತೇವೆ. ಲೈಟ್ ಹತ್ತದಿದ್ದರೂ ಶಾರ್ಟ್, ಫ್ಯೂಸ್ ಹೋದರೂ ಶಾರ್ಟ್, ಸೆಲ್ಫ್ ಒಂದು ಸಲ ಟಕ್ ಅಂದು ಸುಮ್ಮನಾದರೂ ಶಾರ್ಟ್. ಇವು ಮೂರೂ ಬೇರೆ ಬೇರೆ ತೊಂದರೆಗಳು. ಹುಡುಕುವ ದಾರಿಯೂ ಬೇರೆ. ಕೈಪಿಡಿಯಲ್ಲಿ ಒಂದೇ ಪದ ಬಳಸಿದರೆ ಓದುವವರು ತಪ್ಪು ಜಾಗದಲ್ಲಿ ಹುಡುಕುತ್ತಾ ಕೂರುತ್ತಾರೆ.

ನಿಜವಾದ ಶಾರ್ಟ್ ಅಂದರೆ ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಟ್ರ್ಯಾಕ್ಟರಿನ ಬಾಡಿಯ ಕಬ್ಬಿಣಕ್ಕೆ ತಾಗುವುದು. ಕರೆಂಟು ಬಲ್ಬಿಗೋ ಹಾರ್ನಿಗೋ ಹೋಗದೆ ಅಡ್ಡದಾರಿಯಲ್ಲಿ ಬ್ಯಾಟರಿಗೆ ವಾಪಸ್ಸಾಗುತ್ತದೆ, ಫ್ಯೂಸ್ ಹೋಗುತ್ತದೆ, ಫ್ಯೂಸೇ ಇಲ್ಲದಿದ್ದರೆ ವೈರ್ ಕಾದು ಹೊಗೆ ಬರುತ್ತದೆ. ಇದಕ್ಕೆ ‘ಶಾರ್ಟ್’ ಇರಲಿ. ಎರಡನೆಯದು ವೈರ್ ಎಲ್ಲೋ ತುಂಡಾಗಿರುವುದು. ಕರೆಂಟು ಹೋಗುವುದೇ ಇಲ್ಲ. ‘ತುಂಡಾಗಿದೆ’ ಸಾಕು ಅಂತ ನನ್ನ ಲೆಕ್ಕ, ಯಾರಿಗೂ ವಿವರಿಸಬೇಕಾಗಿಲ್ಲ.

ನನಗೆ ಪದ ಸಿಗದೆ ಇರುವುದು ಮೂರನೆಯದಕ್ಕೆ. ವೈರ್ ತುಂಡಾಗಿಲ್ಲ, ಎಲ್ಲೂ ಶಾರ್ಟ್ ಇಲ್ಲ, ಮೀಟರ್ ಹಿಡಿದರೆ ಸೆಲ್ಫಿನ ಕೇಬಲ್ಲಿನಲ್ಲಿ 12.6 ವೋಲ್ಟ್ ತೋರಿಸುತ್ತದೆ, ಅಂದರೆ ಬ್ಯಾಟರಿ ಫುಲ್. ಕೀ ತಿರುಗಿಸಿದರೆ ಮಾತ್ರ ಸೆಲ್ಫ್ ತಿರುಗುವುದಿಲ್ಲ. ಬ್ಯಾಟರಿ ಮೇಲಿನ ಕೇಬಲ್ ಕ್ಲಾಂಪ್ ಬಿಚ್ಚಿ ನೋಡಿ: ಒಳಗಡೆ ಬಿಳಿ ಹಸಿರು ಪುಡಿ, ಹೊಳೆಯಬೇಕಾದ ಸೀಸ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅಥವಾ ಅರ್ಥ್ ಕೇಬಲ್ಲಿನ (ಬ್ಯಾಟರಿಯಿಂದ ಬಾಡಿಯ ಕಬ್ಬಿಣಕ್ಕೆ ಹೋಗುವ ಕೇಬಲ್) ಬೋಲ್ಟ್ ಅಡಿಯಲ್ಲಿ ಬಣ್ಣ, ತುಕ್ಕು ಕೂತಿರುತ್ತದೆ. ಅಲ್ಲಿ 0.01 ಓಮ್ ತಡೆ ಇದ್ದರೂ ಸಾಕು. ಸೆಲ್ಫ್ 200 ಆಂಪಿಯರ್ ಎಳೆದರೆ ಆ ಒಂದೇ ಜಾಗದಲ್ಲಿ 2 ವೋಲ್ಟ್ ಕಳೆದುಹೋಗುತ್ತದೆ. ಇಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮೀಟರಿನ ಓಮ್ ಸೆಟ್ಟಿಂಗಿನಲ್ಲಿ ಹಿಡಿಯುವುದು ಆಗದ ಮಾತು. ಮೀಟರನ್ನು ವೋಲ್ಟಿಗೆ ಇಟ್ಟು, ಅದರ ವೈರಿನ ತುದಿಯ ಒಂದು ಮುಳ್ಳನ್ನು ಬ್ಯಾಟರಿಯ ಸೀಸದ ಗುಬ್ಬಿಗೇ ಒತ್ತಿ, ಇನ್ನೊಂದನ್ನು ಅದರ ಮೇಲಿನ ಕ್ಲಾಂಪಿಗೆ ಒತ್ತಿ, ಬೇರೆಯವರಿಂದ ಸೆಲ್ಫ್ ಹೊಡೆಸಬೇಕು. ಅರ್ಧ ವೋಲ್ಟ್ ತೋರಿಸಿದರೂ ಕಳ್ಳ ಅಲ್ಲೇ ಇದ್ದಾನೆ.

ಇದನ್ನು ಏನಂತ ಕರೆಯೋಣ? ‘ಲೂಸ್ ಕನೆಕ್ಷನ್’ ಅಂತಾರೆ. ಆದರೆ ಬೋಲ್ಟ್ ಗಟ್ಟಿಯಾಗೇ ಇರಬಹುದು, ಓದಿದವರು ಇನ್ನೊಂದು ಸುತ್ತು ಬಿಗಿ ಮಾಡಿ ಕೈತೊಳೆದುಕೊಳ್ಳುತ್ತಾರೆ. ‘ಕಿಲುಬು ಹಿಡಿದಿದೆ’ ಚೆನ್ನಾಗಿದೆ, ಆದರೆ ಕೇಬಲ್ ಒಳಗೆ ಮುಕ್ಕಾಲು ಪಾಲು ಎಳೆ ತುಂಡಾಗಿ ನಾಲ್ಕಾರು ಎಳೆಯಷ್ಟೇ ಉಳಿದಿದ್ದರೆ? ಅಲ್ಲಿ ಕಿಲುಬೇ ಇಲ್ಲ, ತೊಂದರೆ ಮಾತ್ರ ಇದೇ. ‘ರೋಧ’ ಪಾಠಪುಸ್ತಕದ ಮಾತು, ಅದನ್ನು ಓದಿ ಯಾರೂ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದಿಲ್ಲ.

ನನಗೆ ಹೊಳೆದದ್ದು ‘ಕಟ್ಟಿಕೊಂಡಿದೆ’. ಮೂಗು ಕಟ್ಟಿದೆ ಅಂದಾಗ ಉಸಿರು ಪೂರ್ತಿ ನಿಂತಿದೆ ಅಂತ ಯಾರೂ ತಿಳಿಯುವುದಿಲ್ಲ, ಸರಿಯಾಗಿ ಆಡುತ್ತಿಲ್ಲ ಅಂತಷ್ಟೇ ಅರ್ಥ. ಇಲ್ಲಿಗೂ ಅದೇ ಅರ್ಥ ಬೇಕು. ತೊಂದರೆ ಏನೆಂದರೆ ‘ವೈರ್ ಕಟ್ ಆಗಿದೆ’ ಅನ್ನುವುದು ಆಗಲೇ ಬಳಕೆಯಲ್ಲಿದೆ. ಫೋನಿನಲ್ಲಿ ಮಾತಾಡುವಾಗ ‘ಕಟ್ಟಾಗಿದೆ’ ಮತ್ತು ‘ಕಟ್ಟಿದೆ’ ಒಂದೇ ಥರ ಕೇಳಿಸುತ್ತದೆ ಅಲ್ವಾ? ನಾನು ‘ತುಂಡು’ ಅಂತ ಬರೆದರೂ ಮೆಕ್ಯಾನಿಕ್ ‘ಕಟ್’ ಅಂತಲೇ ಹೇಳುತ್ತಾರೆ. ಇದು ನಿಜವಾಗಿ ಗೊಂದಲ ಮಾಡುತ್ತದೋ, ಇಲ್ಲ ನಾನು ಜಾಸ್ತಿ ಯೋಚಿಸುತ್ತಿದ್ದೇನೋ ಹೇಳಿ.

ಇನ್ನೊಂದು ಪದ ‘ಚಾರ್ಜಿಂಗ್ ಲೈಟ್’. ಮೊಬೈಲ್, ಟಾರ್ಚ್ ಇವುಗಳಲ್ಲಿ ಲೈಟ್ ಹತ್ತಿದರೆ ಚಾರ್ಜ್ ಆಗುತ್ತಿದೆ ಅಂತ ಅರ್ಥ. ಟ್ರ್ಯಾಕ್ಟರಿನಲ್ಲಿ ಪೂರ್ತಿ ಉಲ್ಟಾ. ಕೀ ಆನ್ ಮಾಡಿದಾಗ ಹತ್ತಬೇಕು, ಇಂಜಿನ್ ಓಡತೊಡಗಿದ ಮೇಲೆ ಆರಬೇಕು, ಓಡುವಾಗಲೂ ಉರಿಯುತ್ತಿದ್ದರೆ ಚಾರ್ಜ್ ಆಗುತ್ತಿಲ್ಲ. ಬಲ್ಬಿನ ಒಂದು ತುದಿಗೆ ಬ್ಯಾಟರಿಯ ಕರೆಂಟು, ಇನ್ನೊಂದು ತುದಿಗೆ ಆಲ್ಟರ್ನೇಟರಿನದು (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಇದೇ). ಎರಡೂ ಕಡೆ ವೋಲ್ಟ್ ಸಮ ಆದಾಗ ಬಲ್ಬ್ ಆರುತ್ತದೆ. ಎಷ್ಟೋ ಆಲ್ಟರ್ನೇಟರುಗಳು ಎಚ್ಚರಗೊಳ್ಳುವುದಕ್ಕೂ ಈ ಬಲ್ಬಿನ ಮೂಲಕ ಬರುವ ಕರೆಂಟೇ ಬೇಕು, ಬಲ್ಬ್ ಸುಟ್ಟುಹೋದರೆ ಚಾರ್ಜ್ ಶುರುವಾಗದೆಯೂ ಇರಬಹುದು. ಹಾಗಾಗಿ ‘ಲೈಟ್ ಹತ್ತುತ್ತಿಲ್ಲ, ಒಳ್ಳೇದೇ ಆಯಿತು’ ಅಂತ ಬಿಡುವ ಹಾಗಿಲ್ಲ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಹಿಡಿದು 13.8ರಿಂದ 14.4 ವೋಲ್ಟ್ ಬರುತ್ತದೆಯೇ ನೋಡಿದರೇ ಖಾತ್ರಿ. ‘ಚಾರ್ಜ್ ಇಲ್ಲ ಲೈಟ್’ ಅಂತ ಬರೆದರೆ ಒರಟಾಗುತ್ತದಾ? ಅರ್ಥವಂತೂ ನೇರವಾಗಿದೆ.

‘ಇಗ್ನಿಷನ್ ಸ್ವಿಚ್’ ಬಗ್ಗೆ ನಾನು ತೀರ್ಮಾನಕ್ಕೆ ಬಂದಾಗಿದೆ, ‘ಕೀ ಸ್ವಿಚ್’ ಅಂತಲೇ ಬರೆಯುತ್ತೇನೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯೇ ಇಲ್ಲ, ಗಾಳಿ ಒತ್ತಿ ಬಿಸಿಯಾಗಿ ಡೀಸೆಲ್ ತಾನೇ ಹತ್ತಿಕೊಳ್ಳುತ್ತದೆ. ಹಳೆಯ ಎಷ್ಟೋ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಕೀ ತೆಗೆದರೂ ಇಂಜಿನ್ ನಿಲ್ಲುವುದಿಲ್ಲ, ಸ್ಟಾಪ್ ಕೇಬಲ್ ಎಳೆಯಬೇಕು. ‘ಇಗ್ನಿಷನ್’ ಅನ್ನುವ ಮಾತು ಕಿಡಿ ಹಾರಿಸುವ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಇರುವ ಪೆಟ್ರೋಲ್ ಇಂಜಿನ್ನಿಗೆ ಮಾತ್ರ.

‘ಡೈನಮೋ’ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಬಳಕೆಯಲ್ಲಿ ಆಲ್ಟರ್ನೇಟರಿಗೂ ಡೈನಮೋ ಅನ್ನುತ್ತಾರೆ. ಆದರೆ ಹಳೇ ಡೈನಮೋದ ವೈರ್ ಎರಡೂ ಬಿಚ್ಚಿ ಡಿ ಮತ್ತು ಎಫ್ ಟರ್ಮಿನಲ್ ಸೇರಿಸಿ ಪರೀಕ್ಷೆ ಮಾಡುವ ಕ್ರಮವನ್ನು ಆಲ್ಟರ್ನೇಟರಿನ ಮೇಲೆ ಮಾಡುವ ಹಾಗಿಲ್ಲ, ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತರಂತೂ ಅದರ ಡಯೋಡ್ ಸುಟ್ಟುಹೋಗಬಹುದು. ಜನ ಹೇಗೇ ಕರೆಯಲಿ, ಕೈಪಿಡಿಯಲ್ಲಿ ಎರಡನ್ನೂ ಬೇರೆ ಹೆಸರಲ್ಲೇ ಬರೆಯಬೇಕು ಅನ್ನುವುದು ನನ್ನ ಹಟ. ಒಪ್ಪುತ್ತೀರಾ?

ಮುಖ್ಯವಾಗಿ ಆ ಮೂರನೇ ತೊಂದರೆಗೆ ನಿಮ್ಮ ಕಡೆಯ ಗ್ಯಾರೇಜಿನವರು ಬಾಯಲ್ಲಿ ಏನಂತಾರೆ, ಅದನ್ನು ಅವರ ಮಾತಲ್ಲೇ ಬರೆದು ಕಳಿಸಿ.