ಅಪ್‌ಡೇಟ್: ಅಪ್ಪನ ವ್ಯಂಗ್ಯಚಿತ್ರ ಕೊನೆಗೂ ಕೈಸೇರಿತು

ತುಮಕೂರಿನಲ್ಲಿ ಮೇಷ್ಟರಾಗಿದ್ದ ಅಪ್ಪನ ನಿವೃತ್ತಿಗೆ ಫೋಟೊ ನೋಡಿ ವ್ಯಂಗ್ಯಚಿತ್ರ ಬರೆಸಬೇಕೆಂದಿದ್ದೇನೆ, ಎಂಥ ಫೋಟೊ ಕಳುಹಿಸಬೇಕು ಎಂದು ನಾನು ಹಿಂದೆ ಕೇಳಿದ್ದೆ. ಚಿತ್ರ ಕಳೆದ ವಾರ ಬಂದಿದೆ. ಆದರೆ ಎರಡನೆಯ ಪ್ರಯತ್ನದಲ್ಲಿ.

ಮೊದಲ ಕರಡಿನಲ್ಲಿ ಮೂಗೇ ಮುಖವನ್ನೆಲ್ಲ ಆವರಿಸಿಕೊಂಡಿತ್ತು. ತಪ್ಪು ಕಲಾವಿದರದೆಂದು ಸಿಟ್ಟಾಗಿದ್ದ ನನಗೆ, ನಾನು ಕಳುಹಿಸಿದ್ದು ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದ ಸೆಲ್ಫಿ ಎಂಬುದು ಆಮೇಲೆ ಹೊಳೆಯಿತು. ಹಾಗೆ ತೆಗೆದಾಗ ಕ್ಯಾಮೆರಾಕ್ಕೆ ಸಮೀಪವಿರುವ ಮೂಗು ದೊಡ್ಡದಾಗಿಯೂ ಕಿವಿಗಳು ಚಿಕ್ಕದಾಗಿಯೂ ಕಾಣುತ್ತವೆ. ಎದ್ದುಕಾಣುವ ಲಕ್ಷಣವನ್ನು ಹಿಗ್ಗಿಸುವುದೇ ವ್ಯಂಗ್ಯಚಿತ್ರಕಾರರ ಕೆಲಸವಾದ್ದರಿಂದ, ಅವರು ಅಪ್ಪನಿಗೆ ಇಲ್ಲದ ಲಕ್ಷಣವನ್ನು ಹಿಗ್ಗಿಸಿದ್ದರು. ಅಪ್ಪನನ್ನು ಬಲ್ಲವರಿಗೆ ನೆನಪಾಗುವುದು ಹುಬ್ಬು, ಮೂಗಲ್ಲ. ಹೀಗಾಗಿ ಆರೇಳು ಅಡಿ ದೂರ ನಿಂತು, ಕಿಟಕಿಯ ಬೆಳಕಿನಲ್ಲಿ, ನೇರವಾಗಿಯೂ ಓರೆಯಾಗಿಯೂ ನಾಲ್ಕು ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದೆ. ಸಾಮಾನ್ಯ ಫೋಟೊದಂತೆ ಕಳುಹಿಸಿದರೆ ಅದು ಕುಗ್ಗಿ, ಕಣ್ಣಿನ ಸುತ್ತಲಿನ ಸೂಕ್ಷ್ಮ ಗೆರೆಗಳು ಮಸುಕಾಗುತ್ತವೆ.

ಹಿನ್ನೆಲೆಗೆ ದೇವರಾಯನದುರ್ಗದ ಬೆಟ್ಟ, ಕೈಯಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ (ಇಡ್ಲಿ ಅಮ್ಮನ ಸಲಹೆ). ಎ3 ಅಳತೆಗೆ, ಅಂದರೆ 29.7 × 42 ಸೆಂ.ಮೀ.ಗೆ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಮುದ್ರಣಕ್ಕೆ ಬೇಕಾಗುವ 3508 × 4961 ಪಿಕ್ಸೆಲ್‌ಗಳ ಕಡತವನ್ನೂ ಕೇಳಿ ಪಡೆದುಕೊಂಡೆ. ಎರಡನೆಯ ಕರಡಿಗೆ ಪ್ರತ್ಯೇಕ ಹಣ ಕೊಡಬೇಕೇ ಎಂದು ಮೊದಲೇ ವಿಚಾರಿಸದೆ ಹೋದದ್ದು ನನ್ನದೇ ಉದಾಸೀನ, ಕೊಟ್ಟೆ. ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಯಿತು. ಅಪ್ಪ ಮಾತ್ರ ಆ ಹುಬ್ಬು ತಮ್ಮದೆಂದು ಇನ್ನೂ ಒಪ್ಪಿಕೊಂಡಿಲ್ಲ.