ಶೆಡ್ಡಿನಲ್ಲಿ ನಿಂತ ಸಿಪಾನಿ ಡಾಲ್ಫಿನ್: ರಿಸ್ಟೋರ್ ಮಾಡಿಸುವುದೋ, ಪಾರ್ಟ್ಸ್‌ಗೆ ಬಿಚ್ಚುವುದೋ?

ಪ್ರಶ್ನೆ, ತಿಪಟೂರಿನಿಂದ

ಎಲ್ಲರಿಗೂ ನಮಸ್ಕಾರ. ಎಂಬತ್ತರ ದಶಕದಲ್ಲಿ ಅಪ್ಪ ಕೊಂಡಿದ್ದ ಸಿಪಾನಿ ಡಾಲ್ಫಿನ್ ನಮ್ಮ ತೋಟದ ಶೆಡ್ಡಿನಲ್ಲಿ ವರ್ಷಗಟ್ಟಲೆಯಿಂದ ನಿಂತಿದೆ. ಅಪ್ಪ ಈಚೆಗೆ ತೀರಿಕೊಂಡರು. ಇಂಜಿನ್ ತಿರುಗುವುದಿಲ್ಲ. ಬಾಡಿಯಲ್ಲಿ ಅಲ್ಲಲ್ಲಿ ಬಿರುಕು. ವೈರಿಂಗನ್ನು ಇಲಿಗಳು ಮುಗಿಸಿವೆ. ಊರಿನ ಗ್ಯಾರೇಜಿನವರು ನೋಡಿ, "ಇದಕ್ಕೆ ದುಡ್ಡು ಹಾಕೋದು ದಂಡ, ಗುಜರಿಗೆ ಕೊಟ್ಟುಬಿಡಿ" ಅಂದರು. ಇನ್ನೊಬ್ಬರು ಇಂಜಿನ್ ಮತ್ತು ಗೇರ್‌ಬಾಕ್ಸ್ ಮಾತ್ರ ಕೊಡಿ ಎಂದು ಕೇಳುತ್ತಿದ್ದಾರೆ. ಅಮ್ಮನಿಗೆ ಕೊಡಲು ಮನಸ್ಸಿಲ್ಲ. ನನಗೆ ಕಾರಿನ ಕೆಲಸ ಅಷ್ಟು ಗೊತ್ತಿಲ್ಲ, ಕೈಯಲ್ಲಿ ಜಾಸ್ತಿ ದುಡ್ಡೂ ಇಲ್ಲ. ಇಂಥ ಕಾರು ಇಟ್ಟುಕೊಂಡವರು, ಬಿಚ್ಚಿದವರು ಇದ್ದರೆ ದಯವಿಟ್ಟು ಹೇಳಿ.

ಉತ್ತರ, ಬೆಂಗಳೂರಿನಿಂದ

ಸರ್, ಮೊದಲು ಆ ಇಂಜಿನ್ ಕೇಳಿದವರಿಗೆ "ಸ್ವಲ್ಪ ತಡೆಯಿರಿ" ಅಂದುಬಿಡಿ. ಬಿಚ್ಚುವ ಕೆಲಸ ಯಾವಾಗ ಬೇಕಾದರೂ ಮಾಡಬಹುದು. ಇಂಜಿನ್ ಒಂದು ಊರಿಗೆ, ಗಾಜು ಇನ್ನೊಂದು ಊರಿಗೆ ಹೋದ ಮೇಲೆ ಈ ಕಾರನ್ನು ಮತ್ತೆ ಕೂಡಿಸಲು ಆಗುವುದಿಲ್ಲ. ನನ್ನ ಹತ್ತಿರ ಒಂದು ಡಾಲ್ಫಿನ್ ಇದೆ, ಓಡುತ್ತಿದೆ. ಹಾಗಾಗಿ ಇದರ ಕಷ್ಟವೂ ಗೊತ್ತು, ಸುಖವೂ ಗೊತ್ತು.

ಗ್ಯಾರೇಜಿನವರ ಮಾತಿನಲ್ಲಿ ಅರ್ಧ ನಿಜ ಇದೆ. ಈ ಕಾರಿಗೆ ಮಾರ್ಕೆಟ್ ಇಲ್ಲ. ಮೂರು ಚಕ್ರದ ಬಾದಲ್ ಮಾಡಿದ್ದ ಬೆಂಗಳೂರಿನ ಸಿಪಾನಿಯವರೇ 1982ರಲ್ಲಿ ಡಾಲ್ಫಿನ್ ತಂದರು. ಮೂಲ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರು. ಎರಡೇ ಬಾಗಿಲು, ಫೈಬರ್ ಬಾಡಿ, 848 ಸಿಸಿ ಇಂಜಿನ್. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಅದಕ್ಕೆ ತಗಡಿನ ಬಾಡಿ, ಹಿಂದೆ ಕೂರುವವರಿಗೂ ಬಾಗಿಲು. ಮನೆಮಂದಿಯೆಲ್ಲ ಹೋಗುವ ಕಾರಿಗೆ ಎರಡು ಬಾಗಿಲು ಸಾಲದು ಅಂತ ಜನರಿಗೆ ಅನ್ನಿಸಿತು. ಪ್ಲಾಸ್ಟಿಕ್ ಕಾರು ಅನ್ನುವ ಭಯವೂ ಇತ್ತು. ಆಮೇಲೆ ಸಿಪಾನಿಯವರು ಬಾಗಿಲು ಹೆಚ್ಚಿಸಿ ಮೊಂಟಾನಾ ತಂದರು, ಆದರೆ ಅಷ್ಟರಲ್ಲಿ ಜನ ಮಾರುತಿಗೆ ಹೋಗಿಯಾಗಿತ್ತು. ಹಾಗಂತ ಡಾಲ್ಫಿನ್ ಕೆಟ್ಟ ಕಾರಲ್ಲ. ಹಗುರವಾಗಿ ಇದ್ದದ್ದರಿಂದಲೇ ಮದ್ರಾಸಿನ ಹತ್ತಿರದ ಶೋಲವರಂ ಟ್ರ್ಯಾಕ್‌ನಲ್ಲಿ ರೇಸ್ ಓಡಿಸುವವರು ಇದನ್ನು ಇಷ್ಟಪಟ್ಟರು. ಬೆಂಗಳೂರಿನಲ್ಲಿ ಹುಟ್ಟಿದ ಕಾರು ಅಂತ ನನಗೆ ಇದರ ಮೇಲೆ ಪ್ರೀತಿ ಜಾಸ್ತಿ, ಅದನ್ನೂ ಹೇಳಿಬಿಡುತ್ತೇನೆ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಇಂಥ ಕಾರಿಗೆ ಹಾಕಿದ ದುಡ್ಡು ಮಾರಿದಾಗ ವಾಪಸ್ ಬರುವುದಿಲ್ಲ. ಅಂಬಾಸಿಡರ್, ಪದ್ಮಿನಿ ಆದರೆ ಕೊಳ್ಳುವವರು ಸಿಗುತ್ತಾರೆ. ಡಾಲ್ಫಿನ್ ಕೇಳಿಕೊಂಡು ಯಾರೂ ಮನೆಗೆ ಬರುವುದಿಲ್ಲ. ಆದರೆ ಬಿಡಿಭಾಗ ಮಾರಿದರೂ ಅದೇ ಕತೆ ಅಲ್ವಾ? ಡಾಲ್ಫಿನ್ ಭಾಗ ಬೇಕಾಗುವುದು ಇನ್ನೊಂದು ಡಾಲ್ಫಿನ್‌ಗೆ, ತಪ್ಪಿದರೆ ಮೊಂಟಾನಾಕ್ಕೆ. ನಮ್ಮಲ್ಲಿ ಅವೇ ಎಷ್ಟು ಉಳಿದಿವೆ? ಹಾಗಾಗಿ ಲಾಭದ ಲೆಕ್ಕ ಎರಡೂ ಕಡೆ ಕೂಡುವುದಿಲ್ಲ. ಆ ಲೆಕ್ಕ ಬಿಟ್ಟು ಕಾರನ್ನೇ ನೋಡಿ. ಅದರ ಸ್ಥಿತಿಯೇ ಅರ್ಧ ತೀರ್ಮಾನ ಹೇಳಿಬಿಡುತ್ತದೆ.

ಮೊದಲು ಚಾಸಿ, ಅಂದರೆ ಬಾಡಿ ಕೂರುವ ಕೆಳಗಿನ ಚೌಕಟ್ಟು. ಬಾಡಿ ಫೈಬರ್ ಆದದ್ದರಿಂದ ತುಕ್ಕು ಹಿಡಿಯುವುದಿಲ್ಲ, ಮೇಲಿಂದ ನೋಡಿದರೆ ಕಾರು ಚೆನ್ನಾಗಿಯೇ ಕಾಣುತ್ತದೆ. ಕೆಳಗಿರುವ ಚಾಸಿ ಮಾತ್ರ ಕಬ್ಬಿಣದ್ದು. ಮಣ್ಣಿನ ನೆಲದ ಶೆಡ್ಡಿನಲ್ಲಿ ತೇವ ಮೇಲೇರಿ ಅದನ್ನೇ ತಿನ್ನುತ್ತದೆ. ಕಾರನ್ನು ಜ್ಯಾಕ್ ಹಾಕಿ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಆಮೇಲೆ ಕೆಳಗೆ ಹೋಗಿ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಕಡೆ ಟಣ್ ಅನ್ನುತ್ತದೆ, ಕೊಳೆತ ಕಡೆ ಸದ್ದು ಮಂಕಾಗುತ್ತದೆ. ಹಿಂದಿನ ಪಟ್ಟೆ ಸ್ಪ್ರಿಂಗ್ ಕೂರುವ ಜಾಗ ಮತ್ತು ಬಾಡಿ ಬೋಲ್ಟ್ ಬರುವ ಜಾಗಗಳಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒಂದೆರಡು ಕಡೆ ತೂತಾಗಿದ್ದರೆ ಒಳ್ಳೆಯ ವೆಲ್ಡರ್ ಪಟ್ಟಿ ಹಾಕಿ ಸರಿಮಾಡುತ್ತಾರೆ. ಉದ್ದದ ತೊಲೆಗಳೇ ಕೊಳೆತಿದ್ದರೆ, ಆಗ ಬಿಚ್ಚುವ ಮಾತು ಯೋಚಿಸಬಹುದು. ಚಾಸಿ ನಂಬರ್ ಇರುವ ಜಾಗವನ್ನು ಮಾತ್ರ ಯಾರೂ ಉಜ್ಜದಂತೆ, ಕತ್ತರಿಸದಂತೆ ನೋಡಿಕೊಳ್ಳಿ. ಆರ್‌ಸಿಯಲ್ಲಿರುವ ನಂಬರ್ ಅಲ್ಲಿ ಓದಲು ಸಿಗದಿದ್ದರೆ ಮುಂದೆ ಆರ್‌ಟಿಒದಲ್ಲಿ ತುಂಬಾ ತೊಂದರೆ.

ಇಂಜಿನ್ ತಿರುಗುವುದಿಲ್ಲ ಅಂದಿರಿ. ಅದಕ್ಕೆ ಹೆದರಬೇಡಿ. ನಾಲ್ಕೂ ಪ್ಲಗ್ ತೆಗೆದು, ಪ್ರತಿ ತೂತಿಗೂ ತೆಳು ಆಯಿಲ್ ಬಿಟ್ಟು ಕೆಲವು ದಿನ ಹಾಗೇ ಬಿಡಿ. ಆಮೇಲೆ ಮುಂದಿನ ಕ್ರ್ಯಾಂಕ್ ನಟ್‌ಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ಆ ಕಡೆ ಈ ಕಡೆ ಅಲುಗಾಡಿಸಿ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡೋಣ ಅಂತ ಯಾರಾದರೂ ಹೇಳುತ್ತಾರೆ, ಖಂಡಿತ ಬಿಡಬೇಡಿ. ಅಂಟಿಕೊಂಡ ಪಿಸ್ಟನ್ ರಿಂಗ್ ಮುರಿದು ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಗೀರಿಬಿಡುತ್ತದೆ. ಈ ಇಂಜಿನ್ನಿನ ಬ್ಲಾಕೂ, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡೂ ಅಲ್ಯುಮಿನಿಯಂ. ವರ್ಷಗಟ್ಟಲೆ ಬರೀ ನೀರು ನಿಂತರೆ ಹೆಡ್ಡು ತನ್ನನ್ನು ಬಿಗಿದ ಸ್ಟಡ್‌ಗಳಿಗೆ ಕಚ್ಚಿಕೊಳ್ಳುತ್ತದೆ. ಅದನ್ನು ಉಳಿ ಹಾಕಿ ಎಬ್ಬಿಸಿದರೆ ಹೆಡ್ ಹೋಯಿತು. ಹೆಡ್ ತೆಗೆದ ಮೇಲೂ ಒಂದು ಎಚ್ಚರ ಬೇಕು. ಒಳಗಿನ ಲೈನರ್‌ಗಳನ್ನು ಹಿಡಿದಿಡುವುದೇ ಹೆಡ್. ಕ್ಲ್ಯಾಂಪ್ ಹಾಕದೆ ಕ್ರ್ಯಾಂಕ್ ತಿರುಗಿಸಿದರೆ ಲೈನರ್ ಮೇಲೆದ್ದು ಕೆಳಗಿನ ಸೀಲ್ ಬಿಡುತ್ತದೆ. ಇದು ಗೊತ್ತಿರುವ ಮೇಸ್ತ್ರಿಗೆ ಮಾತ್ರ ಕೊಡಿ.

ಸಮಾಧಾನದ ವಿಷಯ ಏನೆಂದರೆ, ಇಂಜಿನ್ ಭಾಗಗಳು ಸಿಗುತ್ತವೆ. ಇದೇ 848 ಸಿಸಿ ಇಂಜಿನ್ ರಿಲಯಂಟ್‌ನ ಮೂರು ಚಕ್ರದ ರಾಬಿನ್, ರಿಯಾಲ್ಟೋಗಳಲ್ಲೂ ಇತ್ತು. ರಾಬಿನ್ 2001ರವರೆಗೂ ತಯಾರಾಯಿತು. ಇಂಗ್ಲೆಂಡಿನಲ್ಲಿ 750 ಫಾರ್ಮುಲಾ ಅನ್ನುವ ರೇಸ್‌ಗೂ ಇದೇ ಇಂಜಿನ್ ಬಳಸಿದರು. ಹಾಗಾಗಿ ಗ್ಯಾಸ್ಕೆಟ್, ಲೈನರ್, ಪಿಸ್ಟನ್ ಅಲ್ಲಿಂದ ತರಿಸಬಹುದು. ನಿಮ್ಮಿಂದ ಇಂಜಿನ್ ಮಾತ್ರ ಕೇಳುತ್ತಿರುವವರಿಗೆ ಇದನ್ನೇ ಹೇಳಿ. ಕಷ್ಟವಾಗುವುದು ಗಾಜು, ಲ್ಯಾಂಪ್, ಬೀಡಿಂಗ್, ಡ್ಯಾಶ್‌ಬೋರ್ಡಿನ ಸಣ್ಣಪುಟ್ಟ ಸಾಮಾನು. ಬೆಂಗಳೂರಿನ ಜೆಸಿ ರೋಡಿನ ಅಂಗಡಿಗಳಲ್ಲಿ ಅದಕ್ಕೆ ಹೊಂದುವುದು ಹುಡುಕಬೇಕು, ಸಿಕ್ಕರೂ ಸಿಕ್ಕಬಹುದು, ಇಲ್ಲದೆಯೂ ಇರಬಹುದು. ನಿಮ್ಮ ಕಾರಿನಲ್ಲಿ ಗಾಜುಗಳು ಒಡೆಯದೆ ಇದ್ದರೆ ಅದೇ ದೊಡ್ಡ ಆಸ್ತಿ.

ಬಾಡಿಯ ಬಿರುಕು ಚಿಂತೆಯ ವಿಷಯವಲ್ಲ. ಫೈಬರ್ ಮ್ಯಾಟ್ ಮತ್ತು ರೆಸಿನ್ ಅಂಟು ಹಾಕಿ ಒಳಗಿನಿಂದ ಕಟ್ಟುತ್ತಾರೆ. ಇದಕ್ಕೆ ಟಿಂಕರಿಂಗ್ ಅಂಗಡಿಗೆ ಹೋಗಬೇಡಿ, ಫೈಬರ್ ಕೆಲಸದವರನ್ನು ಹುಡುಕಿ. ಹಳೆ ಪೇಂಟ್ ತೆಗೆಯಲು ಪೇಂಟ್ ರಿಮೂವರ್ ಹಚ್ಚಲು ಬಿಡಬೇಡಿ, ಅದು ಫೈಬರನ್ನೇ ತಿನ್ನುತ್ತದೆ. ಕೈಯಲ್ಲಿ ಉಜ್ಜಿಯೇ ತೆಗೆಯಬೇಕು. ನಿಧಾನದ ಕೆಲಸ, ಕೂಲಿ ಜಾಸ್ತಿ ಆಗುತ್ತದೆ.

ಉತ್ತರ, ಶಿವಮೊಗ್ಗದಿಂದ

ನಾನು ಬಿಚ್ಚಿದವನು. ನನ್ನದು ಸ್ಟ್ಯಾಂಡರ್ಡ್ ಗಜೆಲ್. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1972ರಿಂದ 1977ರವರೆಗೆ ತನ್ನದೇ ಹೆರಾಲ್ಡ್ ಕಾರಿನ ಆಧಾರದ ಮೇಲೆ ಮಾಡಿದ ಕಾರು. 948 ಸಿಸಿ ಇಂಜಿನ್. ಹೆರಾಲ್ಡ್ ಅಂದರೆ ಜನ ಕಣ್ಣರಳಿಸುತ್ತಾರೆ, ಗಜೆಲ್ ಅಂದರೆ "ಅದ್ಯಾವುದು" ಅಂತಾರೆ. ನನಗೆ ಸಿಕ್ಕಿದಾಗ ಅದರ ಚಾಸಿ ಕೈಯಲ್ಲಿ ಹಿಸುಕಿದರೆ ಉದುರುವಂತಿತ್ತು, ಆರ್‌ಸಿ ಬುಕ್ಕೂ ಇರಲಿಲ್ಲ. ಬುಕ್ ಇಲ್ಲದ, ಚಾಸಿ ಇಲ್ಲದ ಕಾರಿನಲ್ಲಿ ಉಳಿಸುವುದು ಏನು? ಪರಿಚಯದ ಇಬ್ಬರ ಹತ್ತಿರ ಹೆರಾಲ್ಡ್ ಇತ್ತು, ಕೆಲಸ ಅರ್ಧಕ್ಕೆ ನಿಂತಿತ್ತು. ಅವರಿಗಾಗಿಯೇ ಬಿಚ್ಚಿದೆ. ಇವತ್ತು ಆ ಎರಡೂ ರಸ್ತೆಯ ಮೇಲಿವೆ, ನನಗೆ ಅದರ ಸಂತೋಷ ಇದೆ.

ಆದರೆ ಮೇಲೆ ಬೆಂಗಳೂರಿನ ಸರ್ ಹೇಳಿದ್ದನ್ನು ಗಮನಿಸಿ. ನನ್ನ ಗಜೆಲ್‌ನಿಂದ ಹೋದದ್ದೆಲ್ಲ ಹೆರಾಲ್ಡ್‌ಗೂ ಕೂರುವ ಸಾಮಾನು. ಇಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್, ಮುಂದಿನ ಸಸ್ಪೆನ್ಷನ್ ಬೇಗ ಹೋದವು. ಗಜೆಲ್‌ಗೆ ಮಾತ್ರ ಸೇರಿದ್ದನ್ನು ಯಾರೂ ಕೇಳಲಿಲ್ಲ. ಗ್ರಿಲ್ ಈಗಲೂ ನನ್ನ ಅಟ್ಟದ ಮೇಲಿದೆ. ಜನಪ್ರಿಯ ಅಣ್ಣ ಇರುವ ಕಾರಿಗೆ ಬಿಚ್ಚುವುದರಲ್ಲಿ ಅರ್ಥ ಇದೆ. ಡಾಲ್ಫಿನ್‌ಗೆ ಇಲ್ಲಿ ಅಂಥ ಅಣ್ಣ ಇಲ್ಲ. ಅದರ ನೆಂಟರೆಲ್ಲ ಇಂಗ್ಲೆಂಡಿನಲ್ಲಿದ್ದಾರೆ, ಅಲ್ಲಿಯವರು ತಿಪಟೂರಿನಿಂದ ಇಂಜಿನ್ ತರಿಸಿಕೊಳ್ಳುವುದಿಲ್ಲ.

ಬಿಚ್ಚಲೇಬೇಕಾದರೆ ಒಟ್ಟಿಗೆ ಒಬ್ಬರಿಗೇ ಕೊಡಿ, ಅದೂ ಇನ್ನೊಂದು ಡಾಲ್ಫಿನ್ ಇಟ್ಟುಕೊಂಡವರಿಗೆ. ಅವರ ಕಾರನ್ನು ಹೋಗಿ ಕಣ್ಣಾರೆ ನೋಡಿ ಬನ್ನಿ. ಬಿಡಿಬಿಡಿಯಾಗಿ ಕೊಟ್ಟರೆ ಬೇಕಾದದ್ದು ಹೋಗಿ ಬೇಡದ್ದು ನಿಮ್ಮ ಶೆಡ್ಡಿನಲ್ಲೇ ಕೂರುತ್ತದೆ. ಕಾಗದದ ವಿಷಯ ಮರೆಯಬೇಡಿ. ವಾಹನ ಇನ್ನು ಓಡುವುದಿಲ್ಲ ಅಂತಾದರೆ, ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ನಿಮ್ಮ ಚಾಸಿ ನಂಬರ್, ನಿಮ್ಮ ಆರ್‌ಸಿ ಬೇರೆ ಯಾವುದೋ ಕಾರಿಗೆ ಅಂಟಿಕೊಳ್ಳಬಾರದು. ಸುಮ್ನೆ ಕೊಟ್ಟು ಕೈತೊಳೆದುಕೊಳ್ಳುವ ವಿಷಯವಲ್ಲ ಇದು.

ಉತ್ತರ, ಮಂಗಳೂರಿನಿಂದ

ನನ್ನ ಮನೆಯಲ್ಲಿ ಸ್ಟ್ಯಾಂಡರ್ಡ್ 2000 ಇದೆ. 1985ರಿಂದ 1988ರವರೆಗೆ ಮಾತ್ರ ಮದ್ರಾಸಿನಲ್ಲಿ ತಯಾರಾಯಿತು. ಬಾಡಿ ಇಂಗ್ಲೆಂಡಿನ ರೋವರ್ ಎಸ್‌ಡಿ1 ಕಾರಿನದು. ಆ ಕಾರು 1977ರಲ್ಲಿ ಯುರೋಪಿನ ವರ್ಷದ ಕಾರು ಅಂತ ಪ್ರಶಸ್ತಿ ಪಡೆದಿತ್ತು. ನಮ್ಮಲ್ಲಿ ಅದಕ್ಕೆ ಹಳೆಯ ಸ್ಟ್ಯಾಂಡರ್ಡ್ ವ್ಯಾನ್ಗಾರ್ಡ್ ಕಾರಿನ ಕಾಲದ 1991 ಸಿಸಿ ಇಂಜಿನ್ ಹಾಕಿದರು. ಅಷ್ಟು ಬೆಲೆ ಕೊಟ್ಟು ಕೊಂಡವರಿಗೆ ಆ ಓಟ ಸಾಲಲಿಲ್ಲ, ಕಾರು ಬಿದ್ದುಹೋಯಿತು. ಆದರೆ ಆ ಹಳೆ ಇಂಜಿನ್ನೇ ನನ್ನನ್ನು ಕಾಪಾಡಿತು. ಟ್ರಯಂಫ್ ಟಿಆರ್2, ಟಿಆರ್3 ಕಾರುಗಳಲ್ಲಿದ್ದದ್ದು ಇದೇ ಮನೆತನದ ಇಂಜಿನ್, ಫರ್ಗ್ಯುಸನ್ ಟ್ರ್ಯಾಕ್ಟರಲ್ಲೂ ಇತ್ತು. ಹಾಗಾಗಿ ಲೈನರ್, ಪಿಸ್ಟನ್‌ಗೆ ಪರದಾಡಲಿಲ್ಲ. ಬಾಡಿ ಮಾತ್ರ ಕರಾವಳಿಯ ಉಪ್ಪು ಗಾಳಿಗೆ ತೂತು ಬಿದ್ದಿತ್ತು. ದುಡ್ಡು ಹೋದದ್ದೆಲ್ಲ ಅಲ್ಲಿಗೆ. ನಿಮ್ಮ ಕಾರಿಗೆ ಆ ಕಾಟ ಇಲ್ಲವಲ್ಲ, ಅದು ನಿಜವಾಗಿ ದೊಡ್ಡ ಉಳಿತಾಯ.

ಒಂದೇ ಮಾತು ಸೇರಿಸುತ್ತೇನೆ ಮಾರಾಯ್ರೆ. ಪೂರ್ತಿ ಕಾರನ್ನು ಒಂದೇ ಸಲ ಗ್ಯಾರೇಜಿಗೆ ಬಿಡಬೇಡಿ. ಬಿಚ್ಚಿ ಹರಡಿದ ಮೇಲೆ ದುಡ್ಡು ಮುಗಿದರೆ ಕಾರು ಅಲ್ಲೇ ಮಳೆಯಲ್ಲಿ ನಿಲ್ಲುತ್ತದೆ, ಸಾಮಾನು ಒಂದೊಂದೇ ಕಾಣೆಯಾಗುತ್ತದೆ. ಮೊದಲು ಬ್ರೇಕ್, ಆಮೇಲೆ ಇಂಜಿನ್, ಆಮೇಲೆ ವೈರಿಂಗ್. ಪೇಂಟ್ ಕಡೆಗೆ. ಬಣ್ಣ ಮಾಸಿದ ಕಾರಿನಲ್ಲೂ ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಬಹುದು.

ಮತ್ತೆ ತಿಪಟೂರಿನಿಂದ

ತುಂಬಾ ಧನ್ಯವಾದಗಳು. ಸುತ್ತಿಗೆ ಹಿಡಿದು ಕೆಳಗೆ ಹೋಗಿದ್ದೆ. ಹಿಂದೆ ಎಡಗಡೆ ಒಂದು ಕಡೆ ತೂತಿದೆ, ಉಳಿದದ್ದು ಗಟ್ಟಿ. ಗಾಜುಗಳೆಲ್ಲ ಇವೆ. ಆರ್‌ಸಿ ಬುಕ್ ಸಿಕ್ಕಿತು, ಆದರೆ ಅಪ್ಪನ ಹೆಸರಲ್ಲಿದೆ, ಅವಧಿ ಮುಗಿದು ಬಹಳ ವರ್ಷ ಆಗಿದೆ. ಈಗ ರಿಸ್ಟೋರ್ ಮಾಡಿಸುವಷ್ಟು ಹಣ ನನ್ನ ಹತ್ತಿರ ಇಲ್ಲ. ಏನು ಮಾಡಲಿ?

ಉತ್ತರ, ಬೆಂಗಳೂರಿನಿಂದ

ಹಾಗಾದರೆ ಬಿಚ್ಚುವ ಮಾತು ಬಿಟ್ಟುಬಿಡಿ ಸರ್. ಚಾಸಿ ಗಟ್ಟಿ, ಗಾಜು ಪೂರ್ತಿ, ಬುಕ್ ಕೈಯಲ್ಲಿ. ಈ ಮೂರೂ ಇರುವ ಡಾಲ್ಫಿನ್ ನೀವು ಹುಡುಕಿದರೂ ಸಿಗುವುದಿಲ್ಲ. ಹಣ ಇಲ್ಲದಿದ್ದರೆ ಈಗಲೇ ರಿಸ್ಟೋರ್ ಮಾಡಿಸಬೇಕಾಗಿಯೂ ಇಲ್ಲ. ಇನ್ನಷ್ಟು ಕೆಡದಂತೆ ಇಟ್ಟರೆ ಸಾಕು, ಅದಕ್ಕೆ ಜಾಸ್ತಿ ಖರ್ಚಿಲ್ಲ.

ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಮೇಲೇ ಇರಿಸಿ. ರೇಡಿಯೇಟರ್ ಮತ್ತು ಬ್ಲಾಕಿನ ನೀರು ಬಸಿಯಿರಿ. ಟ್ಯಾಂಕಿನ ಹಳೆ ಪೆಟ್ರೋಲ್ ತೆಗೆಸಿ. ಬ್ಯಾಟರಿ ಇದ್ದರೆ ಬಿಚ್ಚಿ ಹೊರಗಿಡಿ. ಚಾಸಿಯ ಮಣ್ಣು ಕೆರೆದು ವೈರ್ ಬ್ರಷ್‌ನಿಂದ ಉಜ್ಜಿ ರೆಡ್ ಆಕ್ಸೈಡ್ ಹೊಡೆಸಿ, ನಂಬರ್ ಇರುವ ಜಾಗ ಬಿಟ್ಟು. ಟಾರ್ಪಾಲನ್ನು ಕಾರಿಗೆ ಮೈಗಂಟಿ ಸುತ್ತಬೇಡಿ, ಒಳಗೆ ತೇವ ನಿಲ್ಲುತ್ತದೆ. ಹತ್ತಿಯ ಹಳೆ ಬಟ್ಟೆ ಹೊದಿಸಿದರೆ ಗಾಳಿ ಆಡುತ್ತದೆ. ಸೀಟಿನ ಒಳಗಿನ ಇಲಿಗೂಡು ತೆಗೆದು, ಗಾಳಿ ಕೊಳವೆ, ಸೈಲೆನ್ಸರ್ ಬಾಯಿಗೆ ಜಾಲರಿ ಕಟ್ಟಿ.

ಕಾಗದದ ಕೆಲಸವನ್ನು ಮಾತ್ರ ಮುಂದೆ ಹಾಕಬೇಡಿ. ಮಾಲೀಕರು ತೀರಿಕೊಂಡರೆ ವಾರಸುದಾರರು ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು, ಅದಕ್ಕೆ ಕಾನೂನಿನಲ್ಲಿ ಮೂರು ತಿಂಗಳ ಅವಧಿ ಇದೆ. ಅದು ದಾಟಿದ್ದರೂ ಹೋಗಿ ಕೇಳಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ತಡವಾದರೆ ತಿಂಗಳಿಗೆ 500 ರೂಪಾಯಿ ಸೇರುತ್ತದೆ. ನವೀಕರಣಕ್ಕೆ ಕಾರನ್ನು ಓಡುವ ಸ್ಥಿತಿಯಲ್ಲಿ ತೋರಿಸಬೇಕು, ಹಾಗಾಗಿ ಮೊದಲು ಹೆಸರು ಬದಲಾವಣೆಯ ಬಗ್ಗೆ ಆರ್‌ಟಿಒದಲ್ಲೇ ಕೇಳಿ ತಿಳಿದುಕೊಳ್ಳಿ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮವೂ ಇದೆ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗಳಿಗೆ ವಿಎ ಸರಣಿಯ ನಂಬರ್ ಕೊಡುತ್ತಾರೆ. ಮೊದಲ ಡಾಲ್ಫಿನ್‌ಗಳಿಗೆ 50 ತುಂಬುವುದು 2032ಕ್ಕೆ. ಅಲ್ಲಿಯವರೆಗೆ ಮೂಲ ಇಂಜಿನ್ ಬದಲಿಸಿ ಮಾರುತಿ ಇಂಜಿನ್ ಕೂರಿಸುವ ಸಲಹೆಗೆ ಒಪ್ಪಬೇಡಿ.

ಹಿಂದಿನ ಎಡಗಡೆಯ ತೂತಿನ ಫೋಟೋ ತೆಗೆದು ಕಳಿಸಿ. ಸ್ಪ್ರಿಂಗ್ ಕೂರುವ ಕಡೆಗೆ ಎಷ್ಟು ಹತ್ತಿರ ಇದೆ ನೋಡಬೇಕು. ಬೇರೆ ಏನೂ ಆಗದಿದ್ದರೂ ಆ ಒಂದು ವೆಲ್ಡಿಂಗ್ ಮಳೆಗಾಲದ ಒಳಗೆ ಆಗಿಬಿಡಲಿ.